‘ಮನೆಯಲ್ಲಿ ಎಷ್ಟು ಜನ?’: ಕೊಡಗಿನಲ್ಲಿ ನಿಂತು ಸಮಾಜವನ್ನು ಅಧ್ಯಯನ ಮಾಡುವ ಬಗೆ

ಮಡಿಕೇರಿಯಲ್ಲಿ ಪದವಿ ವಿದ್ಯಾರ್ಥಿಗಳೂ ಊರಿನ ಹಿರಿಯರೂ ಕೂಡಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸವಿದು. ಹೊತ್ತು ಸಾಲದೆ ಅಂದು ಬಿಟ್ಟುಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.

ಸಭೆಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಕುಟುಂಬ ಸಮೀಕ್ಷೆಗೆಂದು ದಕ್ಷಿಣ ಕೊಡಗಿನ ಒಂದು ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಅಂಗಳದಲ್ಲಿ ಕರಿಮೆಣಸು ಒಣಗುತ್ತಿತ್ತು. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಮೆಣಸಿನ ನಡುವೆ ನಿಧಾನವಾಗಿ ನಡೆಯುತ್ತಾ, ಪಾದದಿಂದಲೇ ಸಾಲು ಸಾಲಾಗಿ ಕಾಳನ್ನು ತಿರುವಿಹಾಕುತ್ತಿದ್ದರು. ವಿದ್ಯಾರ್ಥಿನಿ ತನ್ನ ಪ್ರಶ್ನಾವಳಿಯ ಮೊದಲ ಪ್ರಶ್ನೆ ಕೇಳಿದಳು: “ಅಜ್ಜೀ, ನಿಮ್ಮ ಮನೆಯಲ್ಲಿ ಎಷ್ಟು ಜನ?” ಅಜ್ಜಿ ನಿಂತರು, ಬೆರಳು ಮಡಚಿದರು, ತುಟಿಯಲ್ಲೇ ಕೆಲವು ಹೆಸರು ಹೇಳಿಕೊಂಡು, “ಐವತ್ತೆರಡು” ಎಂದರು. ಒಳಗಿನಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಹುಡುಗಿ ಒಮ್ಮೆ ಬಾಗಿಲ ಕಡೆಗೆ, ಒಮ್ಮೆ ನನ್ನ ಕಡೆಗೆ ನೋಡಿ, “ಇಲ್ಲಿ ಊಟಕ್ಕೆ ಎಷ್ಟು ಜನ ಅಜ್ಜೀ?” ಎಂದು ಕೇಳಿದಳು. “ಊಟಕ್ಕೆ ನಾನು, ಅಜ್ಜ, ಇಬ್ಬರೇ. ನೀನು ಕೇಳಿದ್ದು ಮನೆಯ ಲೆಕ್ಕ ಅಲ್ಲವಾ ಅಮ್ಮಾ?” ಎಂದರು ಅವರು.

ಜನಗಣತಿಯ ಪ್ರಕಾರ ಒಂದೇ ಅಡುಗೆಮನೆಯಿಂದ ಉಣ್ಣುತ್ತಾ ಒಟ್ಟಿಗೆ ವಾಸಿಸುವವರು ಒಂದು ಕುಟುಂಬ. ಆ ಲೆಕ್ಕದಲ್ಲಿ ಆ ಮನೆಯ ಉತ್ತರ ಎರಡು. ಅಜ್ಜಿಯ ಲೆಕ್ಕದಲ್ಲಿ ಮನೆ ಎಂದರೆ ಒಕ್ಕ, ಅಂದರೆ ಒಬ್ಬ ಕಾರಣವನ (ಮೂಲಪುರುಷನ) ಸಂತತಿಯೆಂದು ತಮ್ಮನ್ನು ಗುರುತಿಸಿಕೊಂಡು, ಒಂದೇ ಮನೆಹೆಸರನ್ನು ಹೊತ್ತು, ಒಂದೇ ಐನ್‌ಮನೆಗೆ, ಅಂದರೆ ಒಕ್ಕದ ಮೂಲ ಮನೆಗೆ, ದೀಪ ಹಚ್ಚಲು ಬರುವವರೆಲ್ಲ. ಅವರಲ್ಲಿ ಬೆಂಗಳೂರಿನಲ್ಲಿರುವವರೂ ಇದ್ದಾರೆ, ಸೈನ್ಯದ ಕೆಲಸದಲ್ಲಿ ಉತ್ತರದ ಗಡಿಯಲ್ಲಿರುವವರೂ ಇದ್ದಾರೆ. ಎರಡೂ ಉತ್ತರಗಳು ನಿಜ. ಆದರೆ ಯಾವ ಉತ್ತರ ಯಾವ ಪ್ರಶ್ನೆಗೆ ಎಂಬುದು ತಿಳಿಯದೆ ಹೋದರೆ ನಮ್ಮ ಹಾಳೆಯಲ್ಲಿ ಉಳಿಯುವುದು ತಪ್ಪು ಅಂಕಿ ಮಾತ್ರ. ಸಮಾಜದಲ್ಲಿ ಮನುಷ್ಯರ ನಡವಳಿಕೆಯನ್ನು ವೈಜ್ಞಾನಿಕವಾಗಿ ಅಭ್ಯಾಸ ಮಾಡುವುದು ಎಂದು ನಾವು ಯಾವುದನ್ನು ಕರೆಯುತ್ತೇವೆಯೋ, ಅದರ ಮೊದಲ ಪಾಠ ನನಗೆ ಸಿಕ್ಕಿದ್ದು ತರಗತಿಯಲ್ಲಲ್ಲ, ಆ ಅಂಗಳದಲ್ಲಿ.

ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಎಲೆ ತುಕ್ಕು ರೋಗವನ್ನು ಅಭ್ಯಾಸ ಮಾಡುವ ವಿಜ್ಞಾನಿಗೆ ಒಂದು ಅನುಕೂಲವಿದೆ. ಗಿಡ ತನ್ನ ಬಗ್ಗೆ ತಾನೇ ಏನನ್ನೂ ಹೇಳಿಕೊಳ್ಳುವುದಿಲ್ಲ, ವಿಜ್ಞಾನಿ ಬಂದನೆಂದು ಎಲೆಯ ಬಣ್ಣ ಬದಲಾಯಿಸುವುದೂ ಇಲ್ಲ. ಮನುಷ್ಯರ ಸಂಗತಿ ಹಾಗಲ್ಲ. ನಮಗೆ ನಮ್ಮ ಬಗ್ಗೆ ಮೊದಲೇ ಅಭಿಪ್ರಾಯಗಳಿರುತ್ತವೆ; ನಾವು ಹೇಗಿದ್ದೇವೆ ಎಂಬುದಕ್ಕಿಂತ ಹೇಗಿರಬೇಕು ಎಂದುಕೊಂಡಿದ್ದೇವೋ ಅದನ್ನೇ ಹೇಳುತ್ತೇವೆ; ಅದರಲ್ಲಿ ಸುಳ್ಳಾಡುವ ಉದ್ದೇಶವೂ ಇರುವುದಿಲ್ಲ. ಹೇಳುವುದಕ್ಕೂ ಮಾಡುವುದಕ್ಕೂ ನಡುವಿನ ಈ ದೂರವನ್ನು ಅಳೆಯುವುದೇ ಈ ಶಾಸ್ತ್ರದ ಮುಖ್ಯ ಕೆಲಸ ಎಂಬುದು ನನ್ನ ತಿಳಿವಳಿಕೆ. ಇಂದು ನಾನು ಮಾತನಾಡುವುದೆಲ್ಲ ಆ ಒಂದೇ ವಿಷಯದ ಸುತ್ತ.

ಈ ದೂರವನ್ನು ಬಹಳ ಸರಳವಾಗಿ ತೋರಿಸಿದವನು ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್. ಚೀನೀಯರ ಬಗ್ಗೆ ಅಲ್ಲಿ ತೀವ್ರವಾದ ತಿರಸ್ಕಾರವಿದ್ದ ಕಾಲವದು. 1930ರಿಂದ ಆರಂಭಿಸಿ ಎರಡು ವರ್ಷಗಳ ಅವಧಿಯಲ್ಲಿ ಅವನು ಒಬ್ಬ ಚೀನೀ ಯುವಕ ಮತ್ತು ಅವನ ಹೆಂಡತಿಯೊಂದಿಗೆ ಕಾರಿನಲ್ಲಿ ದೇಶ ಸುತ್ತಿ 251 ಹೋಟೆಲು, ವಸತಿಗೃಹಗಳಿಗೆ ಹೋದ. ಅವರನ್ನು ಹೊರಗೆ ಕಳಿಸಿದ್ದು ಒಂದೇ ಒಂದು ಕಡೆ. ಆರು ತಿಂಗಳ ಬಳಿಕ ಅದೇ ಸ್ಥಳಗಳಿಗೆ ಪತ್ರ ಬರೆದು, ಚೀನೀಯರನ್ನು ಅತಿಥಿಗಳಾಗಿ ಸ್ವೀಕರಿಸುತ್ತೀರಾ ಎಂದು ಕೇಳಿದ. ಉತ್ತರ ಬರೆದ 128 ಸ್ಥಳಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವು ಇಲ್ಲ ಎಂದವು. 1934ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಲೋಪಗಳಿವೆ: ಪತ್ರಕ್ಕೆ ಉತ್ತರ ಬರೆದವನೂ ಅಂದು ಮೇಜಿನ ಹಿಂದೆ ನಿಂತಿದ್ದವನೂ ಒಬ್ಬನೇ ಎಂದು ಹೇಳಲಾಗದು, ಬಿಳಿಯನೊಬ್ಬ ಜೊತೆಗಿದ್ದುದು ಫಲಿತಾಂಶದ ಮೇಲೆ ಪ್ರಭಾವ ಬೀರಿರಬಹುದು. ಹಾಗಿದ್ದರೂ ಕಾಗದದ ಮೇಲಿನ ಉತ್ತರವನ್ನು ನಡವಳಿಕೆಯೆಂದು ತಿಳಿಯಬಾರದು ಎಂಬ ಎಚ್ಚರವನ್ನು ಅದು ಕಲಿಸಿತು. ಆ ದಂಪತಿಗಳ ವಿಷಯದಲ್ಲಿ ನಡೆ ನುಡಿಗಿಂತ ಒಳ್ಳೆಯದಾಗಿತ್ತು ಎಂಬುದನ್ನೂ ಗಮನಿಸಬೇಕು. ಮನುಷ್ಯರು ಯಾವಾಗಲೂ ಹೇಳುವುದು ಒಳ್ಳೆಯದು, ಮಾಡುವುದು ಕೆಟ್ಟದ್ದು ಎಂಬ ನಮ್ಮ ಸುಲಭದ ಕಹಿಯನ್ನೂ ಈ ಅಧ್ಯಯನ ಒಪ್ಪುವುದಿಲ್ಲ.

ನನ್ನ ಸ್ವಂತ ತಪ್ಪೊಂದನ್ನು ಇಲ್ಲಿ ಹೇಳಬೇಕು. ಹಲವು ವರ್ಷಗಳ ಹಿಂದೆ ಒಂದು ಕಾಫಿ ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಕೂಲಿ, ನೀರು, ಮಕ್ಕಳ ಶಾಲೆ ಕುರಿತು ವಿಚಾರಿಸಲು ಹೋದೆ. ತೋಟದ ರೈಟರು, ಅಂದರೆ ಕೆಲಸದ ಲೆಕ್ಕ, ಮೇಲ್ವಿಚಾರಣೆ ನೋಡುವವರು, ಸೌಜನ್ಯದಿಂದ ಜೊತೆಗೆ ಬಂದರು. ಪಣಿಎರವ ಬುಡಕಟ್ಟಿನ ಕುಟುಂಬಗಳೂ, ಅಸ್ಸಾಮಿನಿಂದ ಬಂದ ಕೆಲವು ಕುಟುಂಬಗಳೂ ಅಲ್ಲಿದ್ದವು. ಇಪ್ಪತ್ತು ಮನೆಗಳಲ್ಲಿ ಇಪ್ಪತ್ತು ಮನೆಯವರೂ “ತೊಂದರೆ ಇಲ್ಲ” ಎಂದರು. ನಾನು ಅದನ್ನು ಅಂಕಿಯಾಗಿ ಬರೆದುಕೊಂಡೆ. ಸಂಜೆ ಕೊಡೆ ಮರೆತಿದ್ದೆನೆಂದು ಮರಳಿ ಹೋದಾಗ ನಲ್ಲಿಯ ಬಳಿ ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟು ಕೂತಿದ್ದರು; ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ನನಗೆ ತೊಂದರೆ ಇಲ್ಲವೆಂದಿದ್ದ ತಾಯಿಯೇ, “ರೈಟರು ಎದುರಿಗಿದ್ದಾಗ ಇನ್ನೇನು ಹೇಳುವುದು ಸಾರ್, ನಾಳೆ ಕೆಲಸಕ್ಕೆ ಹೋಗಬೇಕಲ್ಲ” ಎಂದರು. ಆ ಇಪ್ಪತ್ತು ಉತ್ತರಗಳನ್ನು ನಾನು ಹೊಡೆದುಹಾಕಿದೆ. ಯಾರೆದುರು, ಯಾವ ಹೊತ್ತಿನಲ್ಲಿ, ಯಾವ ಭಾಷೆಯಲ್ಲಿ ಕೇಳಿದೆವು ಎಂಬುದು ಉತ್ತರದ ಒಂದು ಭಾಗ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಎರವ ಭಾಷೆ ಹೀಗೆ ಒಂದೇ ಹೋಬಳಿಯಲ್ಲಿ ಹಲವು ಮನೆಮಾತುಗಳಿರುವ ಜಿಲ್ಲೆಯಲ್ಲಿ ಕನ್ನಡದಲ್ಲಿ ಮಾತ್ರ ಕೇಳಿದ ಪ್ರಶ್ನೆಗೆ ಬರುವ ಉತ್ತರದಲ್ಲಿ ಒಂದು ಬಗೆಯ ಸಂಕೋಚ ಮೊದಲೇ ಸೇರಿರುತ್ತದೆ.

ಈಗ ನಮ್ಮ ನೆಲದಿಂದಲೇ ಲೋಕಕ್ಕೆ ಹೋದ ಒಂದು ಅಧ್ಯಯನಕ್ಕೆ ಬರುತ್ತೇನೆ. ಅದರ ಬಗ್ಗೆ ತುಸು ದೀರ್ಘವಾಗಿ ಮಾತನಾಡುವುದು ನನಗೆ ಇಷ್ಟ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಶಿಷ್ಯರಾಗಿ, 1940ರ ದಶಕದ ಆರಂಭದಲ್ಲಿ ಕೊಡಗಿಗೆ ಬಂದು ಇಲ್ಲಿನ ಒಕ್ಕ, ಮದುವೆ, ಹಬ್ಬ, ದೈವಾರಾಧನೆಗಳ ವಿವರಗಳನ್ನು ಸಂಗ್ರಹಿಸಿ ಡಾಕ್ಟರೇಟಿನ ಬೃಹತ್ ಪ್ರಬಂಧ ಬರೆದರು. 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದಾಗ ಅಲ್ಲಿನ ಗುರು ರ್‍ಯಾಡ್‌ಕ್ಲಿಫ್-ಬ್ರೌನ್, ಅದೇ ಸಾಮಗ್ರಿಯನ್ನು ಧರ್ಮಕ್ಕೂ ಸಮಾಜಕ್ಕೂ ಇರುವ ಸಂಬಂಧದ ದೃಷ್ಟಿಯಿಂದ ಮತ್ತೆ ಓದಲು ಸೂಚಿಸಿದರು. ಹಾಗೆ ಹೊರಬಂದದ್ದು ಕೊಡಗಿನವರ ಧರ್ಮ ಮತ್ತು ಸಮಾಜವನ್ನು ಕುರಿತ 1952ರ ಪ್ರಸಿದ್ಧ ಗ್ರಂಥ. ಟಿಪ್ಪಣಿಗಳು ಹಳೆಯವೇ. ಬದಲಾದದ್ದು ಪ್ರಶ್ನೆ. ಮೊದಲನೆಯದರಲ್ಲಿ ‘ಏನೇನು ಮಾಡುತ್ತಾರೆ’ ಎಂದು ಬರೆದಿದ್ದವರು ಎರಡನೆಯದರಲ್ಲಿ ‘ಹಾಗೆ ಮಾಡುವುದರಿಂದ ಯಾವ ಯಾವ ಸಂಬಂಧಗಳು ಗಟ್ಟಿಯಾಗುತ್ತವೆ’ ಎಂದು ಕೇಳಿದರು. ಸಂಶೋಧನೆಗೆ ಹೊರಡುವ ವಿದ್ಯಾರ್ಥಿಗಳು ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸಾಮಗ್ರಿ ತಾನಾಗಿಯೇ ಮಾತನಾಡುವುದಿಲ್ಲ, ಒಳ್ಳೆಯ ಪ್ರಶ್ನೆಗೆ ಮಾತ್ರ ಅದು ಬಾಯಿ ಬಿಡುತ್ತದೆ.

ಹೊಸ ಅಕ್ಕಿಯ ಹಬ್ಬವಾದ ಹುತ್ತರಿಯ ರಾತ್ರಿಯನ್ನೇ ನೋಡಿ. ಐನ್‌ಮನೆಯಲ್ಲಿ ಎಲ್ಲರೂ ಕೂಡಿ, ನೆರೆ (ಎಲೆಗಳ ಕಟ್ಟು) ಕಟ್ಟಿ, ಗದ್ದೆಗೆ ಹೋಗಿ, ಗುಂಡು ಹಾರಿಸಿ, “ಪೊಲಿ ಪೊಲಿ ದೇವಾ” ಎಂದು ಕೂಗುತ್ತಾ ಕದಿರು ಕೊಯ್ದು ತರುವಾಗ, ಹೊಸ ಅಕ್ಕಿಯಷ್ಟೇ ಮುಖ್ಯವಾಗಿ ಮನೆಗೆ ಬರುವುದು ಒಕ್ಕ. ವರ್ಷವಿಡೀ ಹೆಸರಾಗಿ ಮಾತ್ರ ಇದ್ದದ್ದು ಆ ಒಂದು ರಾತ್ರಿ ಕಣ್ಣಿಗೆ ಕಾಣುವಂತೆ ನಿಲ್ಲುತ್ತದೆ. ಊರಿನ ಸಾರ್ವಜನಿಕ ಬಯಲಾದ ಮಂದ್‌ನಲ್ಲಿ ಕೋಲಾಟಕ್ಕೆ ನಾಡಿನವರು ಸೇರಿದಾಗ ಒಕ್ಕಕ್ಕಿಂತ ದೊಡ್ಡದಾದ ನಾಡು ಕಾಣುತ್ತದೆ. ಫ್ರಾನ್ಸಿನ ಎಮಿಲ್ ಡರ್ಕೈಮ್ 1912ರಲ್ಲಿ, ಜನ ಒಟ್ಟಾಗಿ ಆಚರಣೆಯಲ್ಲಿ ತೊಡಗಿದಾಗ ಹುಟ್ಟುವ ಉತ್ಸಾಹದಲ್ಲಿ ಅವರು ತಮ್ಮ ಸಮುದಾಯದ ಬಲವನ್ನೇ ಪವಿತ್ರವೆಂದು ಅನುಭವಿಸುತ್ತಾರೆ ಎಂದು ವಾದಿಸಿದ್ದ. ಹುತ್ತರಿಯ ಗದ್ದೆಯಲ್ಲಿ ನಿಂತವರಿಗೆ ಆ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೊಡಗಿನ ಈ ಅಧ್ಯಯನದಿಂದಲೇ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಸಮಾಜಶಾಸ್ತ್ರದಲ್ಲಿ ನೆಲೆಯಾಯಿತು. ಕೆಳಗಿನದೆಂದು ಎಣಿಸಲಾದ ಜಾತಿಯೊಂದು ಮೇಲಿನವರ ಆಹಾರ, ವಿಧಿ, ನಂಬಿಕೆಗಳನ್ನು ತನ್ನದಾಗಿಸಿಕೊಂಡು ಒಂದೆರಡು ತಲೆಮಾರುಗಳಲ್ಲಿ ಮೇಲಿನ ಸ್ಥಾನಕ್ಕೆ ಹಕ್ಕು ಸಾಧಿಸಲು ಯತ್ನಿಸುವ ಪ್ರಕ್ರಿಯೆ ಅದು. ಜಾತಿವ್ಯವಸ್ಥೆ ಕದಲದ ಕಲ್ಲು ಎಂದು ಗ್ರಂಥಗಳು ಹೇಳುತ್ತಿದ್ದಾಗ, ಜನ ನಡವಳಿಕೆಯಲ್ಲಿ ಅದನ್ನು ಕದಲಿಸುತ್ತಲೇ ಇದ್ದಾರೆ ಎಂದು ಶ್ರೀನಿವಾಸ್ ತೋರಿಸಿದರು. ಅವರ ಗ್ರಂಥದ ಬಗ್ಗೆ ನನಗೆ ಆಕ್ಷೇಪವೂ ಇದೆ. ಸಮಾಜವನ್ನು ಒಂದಕ್ಕೊಂದು ಹೊಂದಿಕೊಂಡ ದೇಹದಂತೆ ಕಾಣುವ ಅಂದಿನ ಸಿದ್ಧಾಂತದ ಹಿಡಿತದಲ್ಲಿ, ಗದ್ದೆಯಲ್ಲಿ ದುಡಿದು ಅದೇ ಕದಿರನ್ನು ಬೆಳೆದ ಎರವರ, ಕುರುಬರ, ಹೊಲೆಯರ ಪಾಲಿಗೆ ಈ ಹೊಂದಾಣಿಕೆ ಯಾವ ಬೆಲೆಗೆ ಬಂತು ಎಂಬ ಪ್ರಶ್ನೆ ಅದರಲ್ಲಿ ಹಿಂದೆ ಸರಿದಿದೆ. ಇಂದು ಅದೇ ಅಧ್ಯಯನವನ್ನು ಹಾಡಿಯಿಂದ, ಅಂದರೆ ಬುಡಕಟ್ಟಿನವರ ವಸತಿಯಿಂದ, ಆರಂಭಿಸಿ ಮಾಡುವವರು ಬೇಕು.

‘ಒಕ್ಕ ಒಡೆದುಹೋಯಿತು, ಯಾರಿಗೂ ಯಾರೂ ಬೇಡ’ ಎಂಬ ಮಾತನ್ನು ನಾನು ಪ್ರತಿ ಮದುವೆಯ ಊಟದ ಸಾಲಿನಲ್ಲೂ ಕೇಳುತ್ತೇನೆ. ಆಸ್ತಿಯ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಜನರ ಲೆಕ್ಕವನ್ನೂ ನೋಡಿ. 2001ರಲ್ಲಿ 5,48,561 ಇದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 5,54,519 ಆಯಿತು. ಹತ್ತು ವರ್ಷಗಳಲ್ಲಿ ಆರು ಸಾವಿರದಷ್ಟೂ ಏರಿಲ್ಲ. ಮೊತ್ತ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದರೂ ಅದರ ಒಳಗೆ ಹೊರಟವರೂ ಬಂದವರೂ ಇದ್ದಾರೆ, ಮಕ್ಕಳು ಹೊರಗಿರುವ ಮನೆಗಳಲ್ಲಿ ಇಬ್ಬರೇ ಉಣ್ಣುವ ಅಡುಗೆಮನೆಗಳೂ ಇವೆ. ಆದರೆ ಇನ್ನೊಂದು ಅಂಕಿಯನ್ನೂ ಅದರ ಪಕ್ಕದಲ್ಲಿಟ್ಟು ನೋಡಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವಕ್ಕೆ ಮೊದಲ ವರ್ಷ ಬಂದದ್ದು 60 ಒಕ್ಕಗಳ ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ್ದು 360. ಆಸ್ತಿಯ ಒಕ್ಕ ಸಣ್ಣದಾಗುತ್ತಿರುವ ಕಾಲದಲ್ಲೇ ಹೆಸರಿನ ಒಕ್ಕ ಬೆಳೆಯುತ್ತಿದೆ; ರಜೆ ಹಾಕಿ, ಬಸ್ಸು ಹತ್ತಿ, ಅಣ್ಣನ ಮಗನ ಪಕ್ಕದಲ್ಲಿ ನಿಂತು ಆಡುವ ಮನುಷ್ಯ, ಬಾಯಲ್ಲಿ ಒಕ್ಕ ಮುಗಿಯಿತು ಎನ್ನುತ್ತಿದ್ದರೂ, ಕಾಲಿನಲ್ಲಿ ಬೇರೊಂದನ್ನು ಹೇಳುತ್ತಿದ್ದಾನೆ.

ದೇವರಕಾಡುಗಳಲ್ಲಿ, ಅಂದರೆ ಊರು ದೇವರ ಹೆಸರಿನಲ್ಲಿ ಕಾಯ್ದುಕೊಂಡು ಬಂದ ಕಾಡುಗಳಲ್ಲಿ, ಈ ಲೆಕ್ಕ ತಿರುಗುಮುರುಗು. ಅಲ್ಲಿ ನುಡಿ ಭಕ್ತಿಯದು, ನಡೆ ನಮ್ಮನ್ನು ತಲೆ ತಗ್ಗಿಸುವಂತೆ ಮಾಡುವಂಥದು. ಜಿಲ್ಲೆಯಲ್ಲಿ 1,214 ದೇವರಕಾಡುಗಳಿವೆಯೆಂದು ದಾಖಲಾಗಿದೆ. ಅಯ್ಯಪ್ಪನ ಕಾಡಿನ ಒಂದು ಕಡ್ಡಿ ಮುರಿಯಬಾರದು ಎನ್ನದ ಊರು ಇಲ್ಲಿಲ್ಲ. ಆದರೂ 1905ರಲ್ಲಿ ಸುಮಾರು 6,277 ಹೆಕ್ಟೇರ್ ಇದ್ದ ಅವುಗಳ ವಿಸ್ತೀರ್ಣ 1985ರ ಹೊತ್ತಿಗೆ ಸುಮಾರು 2,550 ಹೆಕ್ಟೇರಿಗೆ ಇಳಿದಿತ್ತು. ಅಂಚಿನಿಂದ ಅಂಚಿಗೆ ಕಾಫಿ ಒಳನುಗ್ಗಿತು, ಮನೆಗಳು ಬಂದವು. ಜನರಿಗೆ ಭಕ್ತಿ ಕಡಿಮೆಯಾಯಿತು ಎಂದು ವಿವರಿಸುವುದು ಸುಲಭ. ಆದರೆ ಅದೇ ಎಂಬತ್ತು ವರ್ಷಗಳಲ್ಲಿ ದೇವಸ್ಥಾನಗಳ ಹಬ್ಬಗಳು ನಿಲ್ಲಲಿಲ್ಲವಾದ್ದರಿಂದ ಆ ವಿವರಣೆ ನನಗೆ ಸಾಲದು.

ಇಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಅವರ ಕೆಲಸ ನೆರವಿಗೆ ಬರುತ್ತದೆ. 1968ರಲ್ಲಿ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್, ಎಲ್ಲರಿಗೂ ಸೇರಿದ ಹುಲ್ಲುಗಾವಲು ಕೊನೆಗೆ ಹಾಳಾಗಿಯೇ ತೀರುತ್ತದೆ, ಯಾಕೆಂದರೆ ಪ್ರತಿಯೊಬ್ಬನಿಗೂ ಇನ್ನೊಂದು ದನ ಬಿಡುವುದೇ ಲಾಭ ಎಂದು ವಾದಿಸಿದ್ದ. ಆಸ್ಟ್ರಮ್ ಆ ವಾದವನ್ನು ಬರೀ ತರ್ಕದಿಂದ ಎದುರಿಸಲಿಲ್ಲ. ಸ್ವಿಟ್ಜರ್‌ಲೆಂಡಿನ ಹುಲ್ಲುಗಾವಲು, ಜಪಾನಿನ ಹಳ್ಳಿಗಾಡಿನ ಕಾಡು, ಸ್ಪೇನಿನ ನೀರಾವರಿ ಕಾಲುವೆಗಳಲ್ಲಿ ಜನ ಶತಮಾನಗಳಿಂದ ನಿಜವಾಗಿ ಏನು ಮಾಡುತ್ತಾ ಬಂದಿದ್ದಾರೆ ಎಂದು ನೋಡಿದರು. ಎಲ್ಲೆ ಸ್ಪಷ್ಟವಾಗಿದ್ದ ಕಡೆ, ಬಳಸುವವರೇ ನಿಯಮ ಮಾಡಿದ್ದ ಕಡೆ, ಕಾಯುವವರು ಅದೇ ಊರಿನವರಾಗಿದ್ದ ಕಡೆ, ತಪ್ಪಿಗೆ ಮೊದಲು ಸಣ್ಣ ದಂಡ, ಮತ್ತೆ ತಪ್ಪಿದರೆ ದೊಡ್ಡ ದಂಡ ಎಂಬ ಕ್ರಮ ಇದ್ದ ಕಡೆ, ಊರಿನ ಈ ಹಕ್ಕನ್ನು ಸರ್ಕಾರ ಮನ್ನಿಸಿದ್ದ ಕಡೆ ಸಾಮೂಹಿಕ ಸಂಪತ್ತು ಉಳಿದಿತ್ತು. 1990ರಲ್ಲಿ ಅವರು ಇದನ್ನು ಪುಸ್ತಕವಾಗಿ ಪ್ರಕಟಿಸಿದರು; 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು.

ಈ ಕಣ್ಣಿನಿಂದ ದೇವರಕಾಡನ್ನು ನೋಡಿದರೆ, ಅದನ್ನು ಉಳಿಸಿದ್ದು ಭಯಭಕ್ತಿಯೊಂದೇ ಅಲ್ಲ, ದೇವತಕ್ಕರ (ದೇವಸ್ಥಾನದ ಮುಖ್ಯಸ್ಥರ) ಮಾತು ನಡೆಯುತ್ತಿದ್ದುದು, ಕಾಡಿನ ಗಡಿ ಯಾವ ಮರದಿಂದ ಯಾವ ತೋಡಿನವರೆಗೆ ಎಂದು ಪಕ್ಕದ ಗದ್ದೆಯವನಿಗೆ ಗೊತ್ತಿದ್ದುದು, ತಪ್ಪು ಕಾಣಿಕೆಯನ್ನು ಊರಿನ ಮುಂದೆಯೇ ಹಾಕಬೇಕಾಗಿದ್ದುದು ಎಂದು ಕಾಣುತ್ತದೆ. ಕಾಡು ಕಂದಾಯ ಇಲಾಖೆಯ ಕಡತಕ್ಕೆ ಸೇರಿದ ಮೇಲೆ ಅದು ಊರಿನ ಕಣ್ಣಿನಲ್ಲಿ ‘ಸರ್ಕಾರದ್ದು’ ಆಯಿತು, ಹೆಚ್ಚುಕಡಿಮೆ ಪೈಸಾರಿ ಎನ್ನುವ ಸರ್ಕಾರಿ ಪಾಳು ಜಮೀನಿನಂತೆ. ಭಕ್ತಿ ಗುಡಿಯ ಕಟ್ಟೆಯವರೆಗೆ ಉಳಿಯಿತು, ಕಾವಲು ಹೋಯಿತು. ಊರಿನ ಸಮಿತಿಗಳು ಮತ್ತೆ ಎಲ್ಲೆ ಗುರುತಿಸಿ ಕಾಯುತ್ತಿರುವ ಕಡೆ ಕಾಡು ಹೇಗಿದೆ, ಸಮಿತಿ ಹೆಸರಿಗಷ್ಟೇ ಇರುವ ಕಡೆ ಹೇಗಿದೆ ಎಂದು ಹೋಲಿಸಿ ನೋಡುವುದು ಈ ಜಿಲ್ಲೆಯ ಯಾವ ಪದವಿ ವಿದ್ಯಾರ್ಥಿಯೂ ಮಾಡಬಹುದಾದ ಕೆಲಸ.

ಇನ್ನು ಮಳೆ, ಭೂಕುಸಿತಗಳು ಕೊಡಗನ್ನು ನಡುಗಿಸಿದ 2018ರ ಆಗಸ್ಟ್. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲ ಎಂಬ ಹೆಸರುಗಳನ್ನು ಈ ಸಭೆಯಲ್ಲಿ ಹೇಳುವಾಗ ನನ್ನ ಗಂಟಲು ಇಂದಿಗೂ ಕಟ್ಟುತ್ತದೆ. ವಿಪತ್ತು ಬಂದಾಗ ಜನ ದಿಕ್ಕೆಟ್ಟು ಓಡುತ್ತಾರೆ, ಲೂಟಿಗೆ ಇಳಿಯುತ್ತಾರೆ, ಆಜ್ಞೆ ಮಾಡುವವರಿಲ್ಲದೆ ಏನೂ ನಡೆಯದು ಎಂಬ ನಂಬಿಕೆ ಎಲ್ಲೆಡೆ ಇದೆ. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸ್ಫೋಟಗೊಂಡು ಊರಿನ ಒಂದು ಭಾಗವೇ ನೆಲಸಮವಾದಾಗ, ಅಲ್ಲಿದ್ದ ಪಾದ್ರಿ ಸ್ಯಾಮ್ಯುಯೆಲ್ ಪ್ರಿನ್ಸ್ ಜನ ಹೇಗೆ ನಡೆದುಕೊಂಡರೆಂದು ಗಮನಿಸಿ 1920ರಲ್ಲಿ ಪ್ರಬಂಧ ಬರೆದ; ವಿಪತ್ತನ್ನು ಸಮಾಜಶಾಸ್ತ್ರವಾಗಿ ಅಭ್ಯಾಸ ಮಾಡಿದ ಮೊದಲ ಬರಹವೆಂದು ಅದನ್ನು ಎಣಿಸುತ್ತಾರೆ. 1963ರಲ್ಲಿ ಓಹಾಯೋದಲ್ಲಿ ಎನ್ರಿಕೊ ಕ್ವಾರಂಟೆಲ್ಲಿ ಮತ್ತು ಸಂಗಡಿಗರು ಇದಕ್ಕೆಂದೇ ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಪ್ರವಾಹ, ಭೂಕಂಪ, ಸುಂಟರಗಾಳಿಗಳ ಸ್ಥಳಗಳಿಗೆ ಹೋಗಿ ದಶಕಗಳ ಕಾಲ ನೋಡಿದ ಅವರಿಗೆ ಕಂಡದ್ದು, ದಿಕ್ಕೆಟ್ಟ ಓಟ ಬಹಳ ಅಪರೂಪ, ಮೊದಲ ರಕ್ಷಣೆ ಮಾಡುವವರು ಸಮವಸ್ತ್ರದವರಲ್ಲ, ನೆರೆಯವರು ಎಂಬುದು.

ನಾನು ಹೋಗಿದ್ದ ಒಂದು ಪರಿಹಾರ ಕೇಂದ್ರ ಶಾಲೆಯ ಕಟ್ಟಡದಲ್ಲಿತ್ತು. ಎರಡನೆಯ ದಿನದ ಬೆಳಿಗ್ಗೆ ಅಡುಗೆಯ ಸರದಿ ಆಗಲೇ ನಿಗದಿಯಾಗಿತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಯಾರೋ ಗೆರೆ ಹಾಕಿ, ಅಕ್ಕಿ ತೊಳೆಯುವವರು, ಸೌದೆಯವರು, ಹಾಲು ಕುಡಿಯುವ ಮಕ್ಕಳು, ಬಿ.ಪಿ. ಮಾತ್ರೆಯವರು ಎಂದು ಹೆಸರು ಬರೆದು ಕಪ್ಪುಹಲಗೆಯ ಮೊಳೆಗೆ ತೂಗುಹಾಕಿದ್ದರು. ಬರೆದವರು ಅಂಗನವಾಡಿಯ ಕಾರ್ಯಕರ್ತೆ. ಬರೆಯಲು ಅವರಿಗೆ ಯಾರೂ ಹೇಳಿರಲಿಲ್ಲ. ಒಂದೇ ಒಲೆಯ ಮುಂದೆ ಕೂತಿದ್ದವರಲ್ಲಿ ತೋಟದ ಮಾಲೀಕರ ಮನೆಯ ಹೆಂಗಸೂ ಅವರದೇ ಲೈನಿನಲ್ಲಿದ್ದ ಹೆಂಗಸೂ ಇದ್ದರು.

ಆದರೆ ನಾನು ಮೂರು ವಾರ ಬಿಟ್ಟು ಮತ್ತೆ ಹೋದೆ. ಆ ಭಾಗವನ್ನು ಬಿಟ್ಟು ಮೊದಲ ಭಾಗವನ್ನಷ್ಟೇ ಹೇಳಿದರೆ ಅದು ವಿಜ್ಞಾನವಾಗುವುದಿಲ್ಲ. ಅಷ್ಟರಲ್ಲಿ ಪರಿಹಾರದ ಪಟ್ಟಿ ಬಂದಿತ್ತು. ಆರ್‌ಟಿಸಿ ಇದ್ದವರಿಗೆ ಒಂದು ದಾರಿ ಇತ್ತು. ಬೇರೆಯವರ ಹೆಸರಿನ ನೆಲದಲ್ಲಿ ಇಪ್ಪತ್ತು ವರ್ಷ ವಾಸವಿದ್ದವರ ಬಳಿ ಮನೆ ಕಳೆದುಕೊಂಡೆವೆಂದು ತೋರಿಸಲು ಕಾಗದವೇ ಇರಲಿಲ್ಲ. ಕ್ಯಾಲೆಂಡರಿನ ಹಾಳೆ ಮೊಳೆಯಲ್ಲೇ ಇತ್ತು, ಅದರ ಪ್ರಕಾರ ಯಾರೂ ಅಡುಗೆ ಮಾಡುತ್ತಿರಲಿಲ್ಲ. ಆ ಒಗ್ಗಟ್ಟು ಕರಗಿದ್ದು ಜನರ ಸ್ವಭಾವ ಮೂರು ವಾರದಲ್ಲಿ ಕೆಟ್ಟಿದ್ದರಿಂದಲ್ಲ. ನೀರು ಎಲ್ಲರಿಗೂ ಒಂದೇ ರೀತಿಯಲ್ಲಿ ಬಂದಿತ್ತು, ಪಟ್ಟಿ ಹಾಗೆ ಬರಲಿಲ್ಲ. ನಡವಳಿಕೆಯನ್ನು ವ್ಯಕ್ತಿಯ ಗುಣದಲ್ಲಿ ಮಾತ್ರ ಹುಡುಕದೆ ಅವನು ನಿಂತ ಜಾಗದಲ್ಲಿ, ಅವನ ಕೈಯಲ್ಲಿರುವ ಅಥವಾ ಇಲ್ಲದ ಕಾಗದದಲ್ಲಿ ಹುಡುಕುವುದನ್ನು ಈ ಶಾಸ್ತ್ರ ನನಗೆ ಕಲಿಸಿತು.

ಕೊನೆಗೆ ನಮ್ಮ ಪ್ರಶ್ನಾವಳಿಯ ವಿಷಯ. ಆ ಅಜ್ಜಿಯ ಮನೆಯಿಂದ ಬಂದ ಮೇಲೆ ನಾವು ಮೊದಲ ಪ್ರಶ್ನೆಯನ್ನು ಮೂರಾಗಿ ಒಡೆದಿದ್ದೇವೆ: ನಿನ್ನೆ ರಾತ್ರಿ ಈ ಒಲೆಯ ಊಟ ಉಂಡವರು ಯಾರು ಯಾರು, ನಿಮ್ಮ ಒಕ್ಕಕ್ಕೆ ಅಥವಾ ಮನೆತನಕ್ಕೆ ಸೇರಿದವರು ಎಷ್ಟು ಜನ, ಕಳೆದ ಹಬ್ಬಕ್ಕೆ ಅವರಲ್ಲಿ ಯಾರು ಯಾರು ಬಂದಿದ್ದರು. ಲೈನ್ ಮನೆಗಳಿಗೆ ಸಂಜೆ ಹೋಗುತ್ತೇವೆ, ರೈಟರಿಲ್ಲದೆ ಹೋಗುತ್ತೇವೆ, ಎರವ ಭಾಷೆ ಬಲ್ಲ ಇಬ್ಬರು ವಿದ್ಯಾರ್ಥಿಗಳು ಈ ವರ್ಷ ತಂಡದಲ್ಲಿದ್ದಾರೆ. ಹುತ್ತರಿ ಮುಗಿದ ವಾರ ಅವರು ನಿಮ್ಮಲ್ಲಿ ಕೆಲವರ ಮನೆಗೆ ಬರುತ್ತಾರೆ. ದಯವಿಟ್ಟು ಅರ್ಧ ಗಂಟೆ ಬಿಡುವು ಮಾಡಿಕೊಂಡು ಅವರೊಂದಿಗೆ ಕುಳಿತುಕೊಳ್ಳಿ, ಅವರ ಪ್ರಶ್ನೆ ತಪ್ಪಾಗಿದೆ ಎನ್ನಿಸಿದರೆ ಆ ಅಜ್ಜಿಯ ಹಾಗೆ ತಿದ್ದಿ.